ಕಪ್ಪೆಗೆ ಬಂದ ದನಿ

ಈಗಿನ ಮಕ್ಕಳಿಗೆ ಗೊಂಬೆ ಎಂದರೆ ಏನು ಗೊತ್ತು, ಮಣ್ಣು! ಹಾಗಂತ ಗೊಣಗುತ್ತಲೇ ಶಿದ್ರಾಮ ಮಗಳು ಕರೆವ್ವನ ಕೈ ಹಿಡಿದು ಕೌಜಲಗಿಯ ಸಾಲೆಗೆ ನಡೆದಿದ್ದ. ತೊಗಲುಗೊಂಬೆ ಆಡಿಸುವವನು ಅವನು. ಅವನ ಬಾಲ್ಯದಲ್ಲಿ ಅಪ್ಪ ಪರದೆಯ ಹಿಂದೆ ಗೊಂಬೆ ಕುಣಿಸಿದರೆ ಊರಿಗೆ ಊರೇ ಬಾಯಿ ತೆರೆದು ಕೂರುತ್ತಿತ್ತು. ಸ್ವಾತಂತ್ರ್ಯ ಬಂದು ಹತ್ತು ವರ್ಷಕ್ಕೆ ಸರಕಾರದ ಗಾಡಿಯಲ್ಲಿ ಅದೆಂಥದೋ ಗೊಂಬೆ ಸಿನಿಮಾ ಬಂದಿದೆಯಂತೆ. ಬರಲಿ, ಅದರ ಬಂಡವಾಳವನ್ನೂ ನೋಡಿಬಿಡೋಣ ಎಂದುಕೊಂಡ.

ಸಿಟ್ಟಿನ ಕೆಳಗಿದ್ದದ್ದು ಹೆದರಿಕೆ. ಹೆಂಡತಿ ತೀರಿಕೊಂಡ ಮೇಲೆ ಗೊಂಬೆಗಳ ಹೆಣ್ಣುದನಿಯೆಲ್ಲ ಕರೆವ್ವನದೇ. ಹತ್ತು ವರ್ಷದ ಹುಡುಗಿ ರಾಣಿಯಾಗಿ ಅತ್ತರೆ ಮುದುಕಿಯರು ಸೆರಗು ಕಣ್ಣಿಗೊತ್ತುತ್ತಿದ್ದರು. ಈ ವರ್ಷ ಸಾಲೆಯ ಹುಡುಗಿಯರು ಗೊಂಬೆಯವನ ಮಗಳೆಂದು ಅಣಕಿಸಿದರಂತೆ. ಅಂದಿನಿಂದ ಪರದೆಯ ಹಿಂದೆ ಬರಲೊಲ್ಲಳು. ನಮ್ಮಪ್ಪ ಕೂಲಿ ಮಾಡುತ್ತಾನೆ ಎಂದು ಅವಳು ಹೇಳಿಕೊಂಡದ್ದು ಶಿದ್ರಾಮನ ಕಿವಿಗೂ ಬಿದ್ದಿತ್ತು. ಅವಳಿಲ್ಲದೆ ಆಟವಿಲ್ಲ. ಈ ಸಿನಿಮಾ ನೋಡಿದ ಮೇಲಂತೂ ಕೈಬಿಟ್ಟೇ ಹೋಗುತ್ತಾಳೆ.

ಕಿಟಕಿಗಳಿಗೆ ಕಂಬಳಿ ಕಟ್ಟಿ ಮಟಮಟ ಮಧ್ಯಾಹ್ನವೇ ಕತ್ತಲೆ ಮಾಡಿದ್ದರು. ಮಶೀನು ಗರಗರ ಎಂದಿತು. ಪರದೆಯ ಮೇಲೆ ಒಂದು ಕಪ್ಪೆ ಛತ್ರಿ ಬಿಚ್ಚಿಕೊಂಡು ನಡೆಯಿತು. ಮಾತಿಲ್ಲ, ಬರೀ ವಾದ್ಯ. ಕಪ್ಪೆ ನಕ್ಕಿತು, ಉಬ್ಬಿ ಬುಟ್ಟಿಯಷ್ಟಾಯಿತು, ಮಳೆಹನಿಗಳ ಮೇಲೆ ಕಾಲಿಟ್ಟು ಮೋಡ ಹತ್ತಿತು. ಶಿದ್ರಾಮ ಗೊಣಗುವುದನ್ನೇ ಮರೆತ. ಅಬ್ಬಾ, ಯಾವ ಪುಣ್ಯಾತ್ಮನ ಕೈಯಪ್ಪ ಇದು! ಆಟ ಮನಸ್ಸಿಗೆ ಹಿಡಿಸಿದರೆ ಪರದೆಯ ಹಿಂದೆ ಹೋಗಿ ಆಟಗಾರನಿಗೆ ಎಲೆ ಅಡಿಕೆ ಕೊಟ್ಟು ಕೈಮುಗಿಯುವುದು ಅವರ ಮಂದಿಯ ರೀತಿ. ಚಂಚಿ ಬಿಚ್ಚಿ, ಎಲೆ ಅಡಿಕೆ ಹಿಡಿದು, ಬಗ್ಗಿ ಬಗ್ಗಿ ಹಿಂದೆ ಹೋದ. ಅಲ್ಲಿ ನರಪಿಳ್ಳೆಯೂ ಇರಲಿಲ್ಲ.

ಆಟ ಮುಗಿದ ಮೇಲೆ ಮಶೀನಿನವನು ಫಿಲ್ಮಿನ ತುಂಡೊಂದನ್ನು ಬೆಳಕಿಗೆ ಹಿಡಿದು ತೋರಿಸಿದ. ಕಪ್ಪೆ, ಕಪ್ಪೆ, ಮತ್ತೆ ಕಪ್ಪೆ. ಕಾಲು ಮಾತ್ರ ಕೂದಲೆಳೆಯಷ್ಟು ಮುಂದೆ. ಒಂದು ಹೆಜ್ಜೆ ಇಡಿಸಲು ಹತ್ತಾರು ಚಿತ್ರ ಬರೆಯಬೇಕಂತೆ. ಶಿದ್ರಾಮನ ಮೈ ಜುಮ್ಮೆಂದಿತು. ಅಪ್ಪ ಇದನ್ನು ನೋಡಬೇಕಿತ್ತು ಎನಿಸಿತು. ಎಲೆ ಅಡಿಕೆಯನ್ನು ಮಶೀನಿನವನ ಕೈಗೇ ಕೊಟ್ಟ.

"ಈ ಚಿತ್ರ ಬರದವ್ರಿಗೆ ಮುಟ್ಟಸ್ರಿ."

ಮಕ್ಕಳು ಇನ್ನೊಮ್ಮೆ ಬೇಕೆಂದು ಗಲಾಟೆ ಎಬ್ಬಿಸಿದರು. ಮತ್ತೆ ಕಪ್ಪೆ ಬಂತು. ಎದುರಿಗೊಂದು ಬಾವಿ. ತೊಗಲುಗೊಂಬೆಗಳ ಜೊತೆ ಮಾತಾಡಿ ರೂಢಿಯಾದ ಸಣ್ಣ ಮಕ್ಕಳು, ಬಾವಿ ಐತಿ ನೋಡು ಎಂದು ಕೂಗಿದವು. ಗೊಂಬೆಯಾದರೆ ಮಾತಿಗೆ ಮಾತು ಕೊಡುತ್ತದೆ. ಈ ಕಪ್ಪೆ ಎಲ್ಲಿಂದ ಕೊಟ್ಟೀತು?

"ನಾ ಕಪ್ಪಿ ಅದೀನೋ ತಮ್ಮಾ. ಬಾವ್ಯಾಗ ಬಿದ್ರ ತವರಮನಿಗಿ ಹೋದಂಗ."

ಸಾಲೆಗೆ ಸಾಲೆಯೇ ಬಿದ್ದು ಬಿದ್ದು ನಕ್ಕಿತು. ಶಿದ್ರಾಮ ಪಕ್ಕಕ್ಕೆ ನೋಡಿದರೆ ಕರೆವ್ವನಿಲ್ಲ. ಅವಳ ದನಿ ಪರದೆಯ ಹಿಂದಿನಿಂದ ಬರುತ್ತಿತ್ತು. ಕಪ್ಪೆ ಬಾಯಿ ತೆರೆದಾಗಲೆಲ್ಲ ಸರಿಯಾಗಿ ಮಾತು ಕೂರಿಸುತ್ತ, ಮಕ್ಕಳು ಕೇಳಿದ್ದಕ್ಕೆಲ್ಲ ತಿರುಗೇಟು ಕೊಡುತ್ತಿದ್ದಳು. ಇದನ್ನು ಅವನು ಕಲಿಸಿರಲಿಲ್ಲ. ಫಿಲ್ಮಿಗಿಂತ ದೊಡ್ಡ ಸೋಜಿಗ ತನ್ನ ಮನೆಯಲ್ಲೇ ಇತ್ತಲ್ಲ ಎಂದುಕೊಂಡ.

ಕಂಬಳಿ ಸರಿಸಿದರು. ಕರೆವ್ವ ಬೆವೆತ ಮುಖದಲ್ಲಿ ಹೊರಗೆ ಬಂದಳು. ಮಶೀನಿನವನು ಬೆರಗಾಗಿ, ಯಾರ ಮಗಳು ನೀನು ಎಂದು ಕೇಳಿದ. ಅಣಕಿಸಿದ ಹುಡುಗಿಯರೆಲ್ಲ ಎದುರಿಗೇ ಕೂತಿದ್ದರು. ಅವಳು ಒಂದು ಗಳಿಗೆ ನೆಲ ನೋಡಿ, ತಲೆ ಎತ್ತಿದಳು.

"ಗೊಂಬಿ ಆಡಸೋ ಶಿದ್ರಾಮನ ಮಗಳ್ರಿ. ಅಲ್ಲಿ ನಿಂತಾನ ನೋಡ್ರಿ, ನಮ್ಮಪ್ಪ."