ನಾಲಾಕ್ಕೆ ಬಿಟ್ಟ ಕೆಂಪು ನೀರು

ಆ ವರ್ಷ ಲೆಂಟ್ ಎಂಬ ಕ್ರೈಸ್ತರ ಉಪವಾಸದ ದಿನಗಳಲ್ಲಿ ಜಯಲತಾಳಿಗೆ ತನ್ನ ಬಗ್ಗೆ ಸ್ವಲ್ಪ ಹೆಮ್ಮೆಯೇ ಇತ್ತು. ಸರಳವಾಗಿ ಬದುಕಿ, ದೇವರ ಸೃಷ್ಟಿಯನ್ನು ಉಳಿಸಿ ಎಂದು ಠಾಣೆ ಊರಿನ ಕನ್ನಡ ಕ್ರೈಸ್ತ ಸಭೆಯ ಸಭಾಪಾಲಕರು ಹೇಳಿದ್ದೇ ತಡ, ಅವಳು ಕಾರು ಮಾರಿ, ವರ್ತಕ ನಗರದ ಮನೆಯಿಂದ ಬಸ್ಸು, ಲೋಕಲ್ ರೈಲು ಹಿಡಿದು ಡೊಂಬಿವಲಿಯ ಬಣ್ಣದ ಕಾರ್ಖಾನೆಗೆ ಹೋಗತೊಡಗಿದ್ದಳು. ಅಲ್ಲಿನ ಲ್ಯಾಬಿಗೆ ಅವಳೇ ಮುಖ್ಯಸ್ಥೆ. ಕಾರ್ಖಾನೆಯಿಂದ ಹಿಂದಿನ ಕೊಳಚೆ ನಾಲಾಕ್ಕೆ ಬಿಡುವ ನೀರನ್ನು ಪರೀಕ್ಷಿಸಿ ರಿಜಿಸ್ಟರಿಗೆ ಸಹಿ ಹಾಕುವುದು ಅವಳ ಕೆಲಸ. ಕೆಟ್ಟ ನೀರು ಬಿಟ್ಟ ದಿನವೂ ಸರಿಯಿದೆ ಎಂದೇ ಬರೆಯಬೇಕೆಂದು ಮಾಲೀಕ ಮನೀಷ್ ಹೇಳಿದ್ದ. ಎಂಟು ವರ್ಷ ಹಾಗೇ ಬರೆದಿದ್ದಳು.

ಒಂದು ಭಾನುವಾರ ಸಭೆಯವರ ಮನೆಪ್ರಾರ್ಥನೆ ಯಂಕಪ್ಪನ ಮನೆಯಲ್ಲಿತ್ತು. ಕಲಬುರಗಿ ಕಡೆಯ ಯಂಕಪ್ಪ ಅದೇ ಕಾರ್ಖಾನೆಯ ಲೋಡಿಂಗ್ ಕೆಲಸದವನು. ಕಾರ್ಖಾನೆಯ ಹಿಂದೆ, ಅದೇ ನಾಲಾ ಪಕ್ಕದ ಚಾಳಿನ ಸಾಲುಮನೆಯಲ್ಲಿ ವಾಸ. ಅವನ ಹೆಂಡತಿ ಚಂದ್ರಬಾಯಿ ಚಹಾದ ಲೋಟ ಚಾಚಿದಳು. ಅವಳ ಬೆರಳ ಸಂದಿಯ ಚರ್ಮ ಸುಲಿದು ಹಸಿಯಾಗಿತ್ತು. ಬಾಗಿಲಾಚೆ, ಬೋರಿಂಗ್ ಪಂಪಿನ ಕೆಳಗಿನ ಬಕೆಟ್ಟಿನಲ್ಲಿ ನೀರು ತೆಳುವಾಗಿ ಕೆಂಪಗಿತ್ತು.

"ಟ್ಯಾಂಕರ್ ಬರದಿದ್ರ ಇದ ನೀರ್ರೀ ಅಕ್ಕಾರ. ಸೋಸಿ ಚಹಾಕ್ಕ ಹಾಕೀನಿ," ಎಂದಳು ಚಂದ್ರಬಾಯಿ.

ನಾಲಾದಿಂದ ನೆಲಕ್ಕೆ ಇಂಗಿದ ಆ ಕೆಂಪು ಕಾರ್ಖಾನೆಯ ಯಾವ ಟ್ಯಾಂಕಿನದೆಂದು ಜಯಲತಾಳಿಗೆ ಗೊತ್ತಿತ್ತು. ಲೋಟ ತುಟಿಗೆ ತಾಗಿಸಿ, ಕುಡಿಯದೆ ಕೆಳಗಿಟ್ಟಳು.

ಮರುದಿನ ಅವಳು ರಿಜಿಸ್ಟರಿನಲ್ಲಿ ನಿಜವಾದ ಅಂಕಿ ಬರೆದಳು. ಸಂಜೆಯೊಳಗೆ ಮನೀಷ್ ಕರೆಸಿಕೊಂಡ. ಬಾಗಿಲು ಹಾಕಿ, ದನಿ ಏರಿಸದೆ, ಎಂಟು ವರ್ಷದ ಪ್ರತಿ ಪುಟದ ಮೇಲೂ ಇರುವುದು ಅವಳ ಸಹಿ, ತನ್ನದಲ್ಲ ಎಂದು ಹಿಂದಿಯಲ್ಲಿ ನೆನಪಿಸಿದ. ಅಂದಿನಿಂದ ಅವಳಿಗೆ ಊಟ ಸೇರಲಿಲ್ಲ. ಫೋನು ರಿಂಗಾದರೆ ಎತ್ತದೆ ಮಗುಚಿಡುತ್ತಿದ್ದಳು. ಪ್ಲಾಟ್‌ಫಾರ್ಮಿನಲ್ಲಿ ಯಾರಾದರೂ ಬೆನ್ನ ಹಿಂದೆ ನಿಂತರೆ, ಹಳಿಗೆ ತಳ್ಳಿಯಾರೆಂದು ಕಂಬಕ್ಕೆ ಒರಗಿಕೊಳ್ಳುತ್ತಿದ್ದಳು. ಕಾರು ಮಾರುವುದು ಸುಲಭವಾಗಿತ್ತು, ಅದಕ್ಕೆ ಎಲ್ಲರೂ ಹೊಗಳಿದ್ದರು.

ಒಂಬತ್ತನೇ ದಿನ ಕಲ್ಯಾಣ್ ಪಟ್ಟಣಕ್ಕೆ ಹೋಗಿ, ತನ್ನ ಸುಳ್ಳು ಸಹಿಗಳ ಪುಟಗಳನ್ನೂ ಸೇರಿಸಿ, ಮಾಲಿನ್ಯ ನಿಯಂತ್ರಣದ ಕಚೇರಿಗೆ ದೂರು ಕೊಟ್ಟಳು.

ವಾರದೊಳಗೆ ಕಾರ್ಖಾನೆಗೆ ಬೀಗ ಬಿತ್ತು. ಜಯಲತಾಳ ಕೆಲಸ ಹೋಯಿತು. ವಿಚಾರಣೆಗೆ ಬರಬೇಕೆಂದು ಅವಳಿಗೂ ನೋಟೀಸು ಬಂತು. ಮತ್ತೊಂದು ಬೆಳಿಗ್ಗೆ ಅವಳ ಮನೆ ಬಾಗಿಲ ಆಚೆ ಯಂಕಪ್ಪ ನಿಂತಿದ್ದ. ಅವನ ಕೆಲಸವನ್ನೂ ತಾನೇ ಕಳೆದಿದ್ದೇನೆ ಎಂದುಕೊಂಡು ಅವಳು ಚಿಲಕ ಹಿಡಿದು ಬಹಳ ಹೊತ್ತು ನಿಂತಳು. ಕೊನೆಗೆ ತೆಗೆದಳು.

"ಬೈಯಾಕ ಬಂದಿಲ್ರಿ ಅಕ್ಕಾರ," ಎಂದ ಅವನು. "ಬಂದ್ ಇರೋತನಕ ಪಗಾರ ಕೊಡಬೇಕಂತ ಕಾಯ್ದೆ ಐತಂತ. ನಲವತ್ತ ಮಂದಿ ಕೂಡಿ ಲೇಬರ್ ಆಫೀಸಿಗೆ ಅರ್ಜಿ ಕೊಡಾಕತ್ತೀವಿ. ಅದನ್ನ ಬರದು, ಸಾಹೇಬ್ರ ಮುಂದ ಮಾತಾಡಾವ್ರು ಬೇಕು."

"ಅಲ್ಲಿ ಮನೀಷನ ಜನ ಇರ್ತಾರೆ. ನಂಗೆ ಹೆದರಿಕೆ ಆಗ್ತದೆ ಯಂಕಪ್ಪ."

"ನಮಗೂ ಆಗ್ತೈತ್ರಿ."

ಅವಳು ಚಪ್ಪಲಿ ಮೆಟ್ಟಿಕೊಂಡಳು. ಕಾರ್ಮಿಕ ಕಚೇರಿಯ ಗೇಟಿನಲ್ಲಿ ಮನೀಷನ ಕಡೆಯ ಇಬ್ಬರು ನಿಂತು ಬಂದವರೆಲ್ಲರ ಮುಖದ ಫೋಟೋ ಮೊಬೈಲಿನಲ್ಲಿ ತೆಗೆಯುತ್ತಿದ್ದರು. ಜಯಲತಾ ಗೇಟಿನ ಹೊರಗೇ ನಿಂತುಬಿಟ್ಟಳು. ಅಲ್ಲೇ ಕಾಯುತ್ತಿದ್ದ ಚಂದ್ರಬಾಯಿ ಸುಲಿದ ಕೈಯಿಂದಲೇ ಅವಳ ರಟ್ಟೆ ಹಿಡಿದು ಒಳಗೆ ಕರೆದುಕೊಂಡು ಹೋದಳು. ಅರ್ಜಿಯ ಮೊದಲ ಹೆಸರು, ವಿಳಾಸದ ಸಮೇತ, ಜಯಲತಾಳದ್ದೇ ಆಯಿತು.

ಎರಡು ತಿಂಗಳ ಮೇಲೆ ಕೂಲಿಯವರಿಗೆ ಅರ್ಧ ಪಗಾರ ಸಿಕ್ಕಿತು, ಚಾಳಿಗೆ ದಿನವೂ ಟ್ಯಾಂಕರ್ ಬರತೊಡಗಿತು. ಬೋರಿಂಗ್ ನೀರು ಇನ್ನೂ ತಿಳಿಯಾಗಿಲ್ಲ. ಜಯಲತಾಳ ವಿಚಾರಣೆ ಮುಂದಿನ ಸೋಮವಾರಕ್ಕಿದೆ. ಯಂಕಪ್ಪನೂ ಚಂದ್ರಬಾಯಿಯೂ ಜೊತೆಗೆ ಬರುತ್ತೇವೆಂದಿದ್ದಾರೆ.