ಬೆನ್ನು ಮೇಷ್ಟ್ರು

“ಸ್ವಲ್ಪ ಓರೆ ಮಾಡಿ, ಬಾಗಿಲಿಗೆ ತಾಗುತ್ತೆ,” ಎಂದರು ಹೆಡ್‌ಮೇಷ್ಟ್ರು. ಶಾಲೆಯಿಂದ ತಂದ ಬೆಂಚಿನ ಒಂದು ತುದಿ ಜವಾನನ ಕೈಯಲ್ಲಿತ್ತು, ಇನ್ನೊಂದು ತುದಿ ಹೊಸ ಟೀಚರ ಕೈಯಲ್ಲಿ. ಸಾವಿನ ಮನೆಗೆ ಬಂದವರಿಗೆ ಕುರ್ಚಿ ಸಾಲದಾಗಿತ್ತು.

ನಡುಮನೆಯಲ್ಲಿ ಗಣಿತದ ಮೇಷ್ಟ್ರು ಬಿಳಿ ಹೊದಿಕೆಯಡಿ ಮಲಗಿದ್ದರು.

“ಬೆನ್ನು ಮೇಷ್ಟ್ರು ಅಂತಿದ್ವು ಮಕ್ಕಳು,” ಜವಾನ ಪಿಸುಗುಟ್ಟಿದ. “ಕೊನೆಗೂ ಮುಖ ತೋರಿಸಿದ್ರು ನೋಡಿ.”

“ನಿನ್ನ ಬಾಯಿಗಿಷ್ಟು,” ಎಂದು ಗದರಿದ ಹೆಡ್‌ಮೇಷ್ಟ್ರು ಹೊಸ ಟೀಚರತ್ತ ತಿರುಗಿದರು. “ಮೂವತ್ತು ವರ್ಷದಲ್ಲಿ ಒಂದು ಮಗುವಿನ ಕಿವಿ ಹಿಂಡಿದವರಲ್ಲ. ಸೋಮವಾರದಿಂದ ಏಳನೇ ಕ್ಲಾಸು ನಿಮಗೇ. ಅವರ ಥರಾನೇ ನಡೆಸ್ಕೊಂಡು ಹೋಗಿ.”

ಅವಳು ತಲೆಯಾಡಿಸಿದಳು.

ಮೇಷ್ಟ್ರ ಹೆಂಡತಿ ಅವಳನ್ನು ಪಕ್ಕಕ್ಕೆ ಕೂರಿಸಿಕೊಂಡರು. “ಇವರ ಪಕ್ಕದ ಕ್ಲಾಸಿನವಳು ನೀನೇ ಅಲ್ವೇನಮ್ಮ? ಮಕ್ಕಳು ಪಾಪ ಆ ಹುಡುಗೀನ ಹುರಿದು ಮುಕ್ತಾವೆ ಅಂತಿದ್ರು.” ಆಮೇಲೆ ಕೇಳಿದರು: “ಅರ್ಧ ಗಂಟೆ ಮೊದಲು ಆಸ್ಪತ್ರೆಗೆ ತಂದಿದ್ರೆ ಉಳೀತಿದ್ರೇನೋ ಅಂದ್ರು ಡಾಕ್ಟ್ರು. ಎಷ್ಟು ಹೊತ್ತು ಕುರ್ಚೀಲಿ ಹಾಗೇ ಕೂತಿದ್ರು?”

“ಗೊತ್ತಿಲ್ಲಮ್ಮ. ನಾನು ನೋಡಿದ್ದೇ ಬೆಲ್ ಆದ್ಮೇಲೆ.”

ಮಾತು ಎಷ್ಟು ಸಲೀಸಾಗಿ ಬಂತೆಂದು ಅವಳಿಗೇ ಹೆದರಿಕೆಯಾಯಿತು.

*

ಸೇರಿದ ಮೊದಲ ವಾರವೇ ಅವಳು ಬೋರ್ಡಿನತ್ತ ತಿರುಗಿದಾಗ ಯಾರೋ ಎಮ್ಮೆಯಂತೆ ಕೂಗಿದ್ದರು. ಗಂಟಲು ಹರಿಯುವಂತೆ ಬೈದು, ಆಮೇಲೆ ಸ್ಟಾಫ್ ರೂಮಿನಲ್ಲಿ ಅತ್ತಿದ್ದಳು. ಗಣಿತದ ಮೇಷ್ಟ್ರು ಬಂದು ಎದುರು ಕೂತಿದ್ದರು.

“ಬೈಬೇಡಮ್ಮ. ಕುರ್ಚಿ ತಿರುಗಿಸಿ ಬೆನ್ನು ಕೊಟ್ಟು ಕೂತುಬಿಡು. ನೀನಾಗಿ ತಿರುಗೋ ತನಕ ಯಾರೂ ಮಾತಾಡ್ಬಾರದು, ಏಳ್ಬಾರದು. ಮುಖ ಕಂಡ್ರೆ ಎದುರು ಮಾತಾಡ್ತಾರೆ. ಬೆನ್ನಿಗೆ ಏನಂತ ಮಾತಾಡ್ತಾರೆ?”

ಅವಳಿಗೆ ಧೈರ್ಯ ಬಂದಿರಲಿಲ್ಲ. ಬೆನ್ನಿನ ಹಿಂದೆ ಏನು ನಡೆಯುತ್ತದೋ ಎಂಬ ಭಯ.

ಈ ಗುರುವಾರ ಅವಳ ತರಗತಿ ಸಂತೆಯಾಗಿತ್ತು. ಡಸ್ಟರ್ ತರುವ ನೆಪ ಮಾಡಿಕೊಂಡು ಹೊರಗೆ ಬಂದಳು. ಏಳನೇ ತರಗತಿಯಲ್ಲಿ ಉಸಿರು ಸಹ ಕೇಳಿಸುತ್ತಿರಲಿಲ್ಲ. ಕಿಟಕಿಯಲ್ಲಿ ಇಣುಕಿದಳು. ಬೋರ್ಡಿಗೆ ಮುಖ ಮಾಡಿದ ಕುರ್ಚಿ, ಅದರಲ್ಲಿ ಮೇಷ್ಟ್ರ ಬೆನ್ನು. ಮೂವತ್ತೆಂಟು ಮಕ್ಕಳು ಕೈಕಟ್ಟಿ ಕೂತಿದ್ದರು. ಮೇಷ್ಟ್ರ ಬಲಗೈ ಕುರ್ಚಿಯ ಪಕ್ಕಕ್ಕೆ ಜೋತುಬಿದ್ದಿತ್ತು. ಅದರ ಕೆಳಗೆ ಎರಡು ತುಂಡಾದ ಸೀಮೆಸುಣ್ಣ. ಉಗುರುದ್ದದ ಚೂರನ್ನೂ ಜೇಬಿಗಿಟ್ಟುಕೊಳ್ಳುವ ಮನುಷ್ಯ.

ಅವಳು ಆ ಸೀಮೆಸುಣ್ಣವನ್ನು ನೋಡಿದಳು. ನೋಡಿಯೂ, ಎಂಥಾ ಹತೋಟಿ ಎಂದು ಹೊಟ್ಟೆಕಿಚ್ಚುಪಟ್ಟು, ಸದ್ದಾಗದಂತೆ ತುದಿಗಾಲಲ್ಲಿ ಹೊರಟುಹೋದಳು.

ಬೆಲ್ ಆಗಲು ಇನ್ನೂ ಮೂವತ್ತೈದು ನಿಮಿಷವಿತ್ತು.

*

ಮಧ್ಯಾಹ್ನ ಏಳನೇ ತರಗತಿಯ ಮಕ್ಕಳು ಸಾಲಾಗಿ ಬಂದು ಮೇಷ್ಟ್ರನ್ನು ನೋಡಿದರು. ಕೆಲವರು ಬೆಂಚಿನ ಮೇಲೆ ಒತ್ತಿಕೊಂಡು ಕೂತರು, ಉಳಿದವರು ಗೋಡೆಗೆ ಆತು ನಿಂತು ಗುಸುಗುಸು ಮಾತಾಡತೊಡಗಿದರು. ಮೊದಲ ಬೆಂಚಿನ ಹುಡುಗಿ ಮಾತ್ರ ನೇರ ಅವಳ ಬಳಿ ಬಂದಳು.

“ಮಿಸ್, ಅಣಕಿಸಿದ್ದು ನಾನೇ. ಸಾರ್ ಥರ ಕೆಮ್ಮಿ ತೋರಿಸ್ದೆ. ಅದಕ್ಕೇ ತಿರುಗಿ ಕೂತ್ರು.”

“ಆಯ್ತು ಪುಟ್ಟಿ, ಈಗ ಅದೆಲ್ಲ ಬೇಡ.”

“ಸಾರಿ ಕೇಳೋಣ ಅಂತ ಕಾಯ್ತಿದ್ದೆ. ಅವರು ತಿರುಗ್ಲೇ ಇಲ್ಲ. ಚಾಕ್ ಬಿತ್ತು. ಎದ್ದು ನೋಡ್ಲಾ ಅನ್ನಿಸ್ತು ಮಿಸ್. ಅಷ್ಟರಲ್ಲಿ ಕಿಟಕೀಲಿ ನೀವು ಬಂದ್ರಿ.”

“ಮೆಲ್ಲಗೆ ಮಾತಾಡು.”

“ನೀವೇ ನೋಡಿ ಸುಮ್ನೆ ಹೋದ್ರಲ್ಲ. ಅದಕ್ಕೆ ನಾನೂ ಕೂತೆ.” ಹುಡುಗಿ ದನಿ ತಗ್ಗಿಸಲಿಲ್ಲ. “ಆವಾಗ ಸಾರ್ ಇನ್ನೂ ಬದುಕಿದ್ರಾ ಮಿಸ್?”

ಅಡುಗೆಮನೆಯ ಬಾಗಿಲಲ್ಲಿ ಮೇಷ್ಟ್ರ ಹೆಂಡತಿ ನಿಂತಿದ್ದರು. ಅವಳಿಗೆಂದೇ ತಂದ ನೀರಿನ ಲೋಟ ಕೈಯಲ್ಲೇ ಉಳಿದಿತ್ತು.

ಆ ಮುಖ ನೋಡಲಾರದೆ ಅವಳು ಗೋಡೆಯ ಕಡೆ ತಿರುಗಿಬಿಟ್ಟಳು.

ಹಿಂದೆ ಮಕ್ಕಳ ಗುಸುಗುಸು ಒಂದೇ ಏಟಿಗೆ ನಿಂತಿತು. ಶಾಲೆಯ ಬೆಂಚು ಒಮ್ಮೆ ಕಿರ್ರೆಂದಿತು, ಕೂತವರೆಲ್ಲ ನೆಟ್ಟಗಾದ ಹಾಗೆ. ಆಮೇಲೆ ಒಂದು ಕೆಮ್ಮೂ ಇಲ್ಲ. ಮೂವತ್ತೆಂಟು ಮಕ್ಕಳು ಕೈಕಟ್ಟಿ, ಅವಳು ತಿರುಗುವುದನ್ನೇ ಕಾಯುತ್ತಿದ್ದರು.