ದೇವರ ಪೆಟ್ಟಿಗೆ ಸೇರಿದ ಉಯಿಲು

ಅಬ್ಬಿಗೆರೆಯ ಮುನಿಕೆಂಪಮ್ಮನ ಮೇಲೆ ಸ್ವಂತ ಅಣ್ಣ ಮುನಿಗಂಗಪ್ಪನೇ ಕೇಸು ಹಾಕಿದ್ದ, "ಮನೆ ನನ್ನದು, ಖಾಲಿ ಮಾಡು" ಅಂತ. ಅಪ್ಪ ಸಾಯೋ ಮುಂಚೆ ಆ ಮನೆ ಮಗಳಿಗೇ ಅಂತ ಉಯಿಲು ಬರೆಸಿದ್ದ. ಆದರೆ ಉಯಿಲು ಇದ್ದದ್ದು ಅಣ್ಣನ ದೇವರ ಪೆಟ್ಟಿಗೆಯಲ್ಲಿ! ಆ ಮನೆತನದಲ್ಲಿ ಕಾಗದ ಪತ್ರವೆಲ್ಲ ಅಲ್ಲೇ ಇಟ್ಟು ಪೂಜೆ ಮಾಡೋದು. ಮದುವೆ ಮಾಡಿ ಕಳಿಸಿದ ಹೆಣ್ಣುಮಗಳು ಪೆಟ್ಟಿಗೆ ಮುಟ್ಟೋ ಹಾಗಿಲ್ಲ.

ಇಷ್ಟಾದರೂ ಗೌರಿ ಹಬ್ಬಕ್ಕೆ ಅಣ್ಣನ ಮನೆಯಿಂದ ಕರೆ ಬಂತು. ನಮ್ಮ ಕಡೆ ಹಂಗೇ ಅಲ್ವಾ? ಕೇಸು ಕೇಸಿಗೆ, ಬಾಗಿನ ಬಾಗಿನಕ್ಕೆ.

"ಯಾರೂ ಇಲ್ದಾಗ ಪೆಟ್ಟಿಗೆ ತೆಗ್ದು, ಉಯಿಲು ಸೆರಗಲ್ಲಿ ಕಟ್ಕೊಂಡ್ ಬಂದ್ಬುಡ್ತೀನಿ," ಅಂದಳು ಮುನಿಕೆಂಪಮ್ಮ.

ಅದೇ ಮನೆಯ ಮಹಡಿಯಲ್ಲಿ ಬಾಡಿಗೆಗಿದ್ದ ಭಾಗ್ಯಶ್ರೀ ಹೌಹಾರಿದಳು. ಆಕೆ ಹುಬ್ಬಳ್ಳಿ ಕಡೆಯವಳು, ಕಾನೂನು ಕಾಲೇಜಿನಲ್ಲಿ ಪಾಠ ಮಾಡುವವಳು. "ಅಯ್ಯ ನಮ್ಮವ್ವ! ಕದ್ದು ತಂದ್ರ ನಿಮ್ಮ ಮ್ಯಾಲೇ ಕಳ್ಳತನದ ಕೇಸು ಹಾಕ್ತಾರ. ಕೋರ್ಟಿಗೆ ಕೇಳ್ರಿ, ಅದೇ ತರಿಸ್ತದ."

"ಅವನ ಕುತ್ತಿಗೆಗೆ ಅವನೇ ಹಗ್ಗ ಕೊಡ್ತಾನೇನಮ್ಮಾ?"

"ಕೊಡಬೇಕಾಗ್ತದರೀ. ಯಾವ ಪತ್ರ, ಯಾರ ಹತ್ರ ಐತಿ, ಕೇಸಿಗೆ ಯಾಕ ಬೇಕು ಅಂತ ನಿಮ್ಮ ವಕೀಲರ ಕಡೆಯಿಂದ ಅರ್ಜಿ ಹಾಕಸ್ರಿ. ಜಡ್ಜಿಗೆ ಸರಿ ಅನಿಸಿದ್ರ, ತಗೊಂಡ್ ಬಾ ಅಂತ ಆದೇಶ ಮಾಡ್ತಾರ."

"ಇಲ್ಲ ಅಂದ್ಬುಟ್ರೆ?"

"ಪ್ರಮಾಣ ಮಾಡಿ ಬರಕೊಡಬೇಕು. ಇಟ್ಕೊಂಡೂ ತರಲಿಲ್ಲ ಅಂದ್ರ, ಪತ್ರ ಇವನಿಗೇ ವಿರುದ್ಧ ಇರಬೇಕು ಅಂತ ಜಡ್ಜು ತಿಳ್ಕೋಬಹುದು. ಅವರ ಕೇಸೇ ವಜಾ ಆದ್ರೂ ಆಗಬಹುದು."

ಒಡಹುಟ್ಟಿದವನ ಕೈಲಿ ಕೋರ್ಟಲ್ಲಿ ಪ್ರಮಾಣ ಮಾಡಿಸೋದಾ ಅಂತ ಮುನಿಕೆಂಪಮ್ಮ ಹಿಂದೆ ಮುಂದೆ ನೋಡಿದಳು. ಆದರೆ ಮನೆ ಹೋದರೆ ನಿಲ್ಲೋಕೆ ನೆಲೆ ಎಲ್ಲಿ? ಹಬ್ಬಕ್ಕೆ ಹೋದಳು, ಬಾಗಿನ ತಗೊಂಡಳು, ಪೆಟ್ಟಿಗೆ ಕಡೆ ತಿರುಗಿಯೂ ನೋಡಲಿಲ್ಲ. ಹಬ್ಬ ಮುಗಿದ ಮೇಲೆ ಅರ್ಜಿ ಹಾಕಿಸಿದಳು.

ಆದೇಶವೂ ಆಯಿತು. ದೇವರ ಮುಂದೆ ಇಟ್ಟದ್ದನ್ನ ಇಲ್ಲ ಅಂತ ಪ್ರಮಾಣ ಮಾಡೋಕೆ ಮುನಿಗಂಗಪ್ಪನಿಗೆ ನಾಲಿಗೆ ಏಳಲಿಲ್ಲ ನೋಡಿ! ಉಯಿಲು ತಂದಿಟ್ಟ. ಅಪ್ಪನ ರುಜು ಕಂಡು ಮುನಿಕೆಂಪಮ್ಮ ಅತ್ತೇಬಿಟ್ಟಳು. ಅದಕ್ಕೆ ಸಾಕ್ಷಿ ಹಾಕಿದ್ದವರೂ ಬಂದು ರುಜು ಅಪ್ಪನದೇ ಅಂತ ಹೇಳಿದರು; ಮನೆ ಅವಳಿಗೇ ಉಳಿಯಿತು.

ತೀರ್ಪಿನ ದಿನ ಹೊರಗೆ ಬಂದು ಅಣ್ಣ ಗೊಣಗಿದ, "ಇದಕ್ಕೆ ಕೋರ್ಟು ಯಾಕೆ ಬೇಕಿತ್ತು? ಮನೇಲಿ ಕೇಳಿದ್ರೆ ಕೊಡ್ತಿರ್ಲಿಲ್ವಾ?"

"ನಿನ್ ಮನೆಗೆ ಬಂದಾಗೆಲ್ಲ ಕೇಳ್ದೆ ಕಣಣ್ಣ. ಊಟ ಮಾಡ್ಕೊಂಡ್ ಹೋಗು ಅಂತಿದ್ದೆ ನೀನು."

ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಕೇಸಿಗೆ ಬೇಕಾದ ಪತ್ರ ಎದುರಿನವರ ಹತ್ತಿರ ಇದೆಯಾ? ಕದಿಯೋಕೂ ಹೋಗಬೇಡಿ, ಕೈಚೆಲ್ಲಿಯೂ ಕೂರಬೇಡಿ. ತಡಮಾಡದೆ ವಕೀಲರಿಗೆ ಹೇಳಿ ಅರ್ಜಿ ಹಾಕಿಸಿ. ವಕೀಲರನ್ನ ಇಡೋ ಶಕ್ತಿ ಇಲ್ಲವಾ? ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ. ಹೆಣ್ಣುಮಕ್ಕಳಿಗೆ ಅಲ್ಲಿ ನೆರವು ಉಚಿತ. ಮನೆಯಲ್ಲಿ ಕೇಳಿ ಸಿಗದ ಉತ್ತರವನ್ನ ನ್ಯಾಯಾಲಯದಲ್ಲಿ ಕೇಳೋದು ತಪ್ಪಲ್ಲ.